ಮೂರನೇ ಮಹಡಿಯ ರಕ್ತದೊತ್ತಡ

ನಮ್ಮ ಭಾವನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇಲ್ಲ. ಇದ್ದರೆ ಅದು ತಿಳಿದುಕೊಳ್ಳಲು ಯೋಗ್ಯವಾದ ವಿಷಯವಲ್ಲ. ಇದು ಅವರದೇ ಮಾತು. ಅವರ ಹೆಂಡತಿಯ ತಮ್ಮನಾಗಿ, ಅವರ ಮನೆಯ ಮೇಲಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕುವವನಾಗಿ, ನಾನು ಇದನ್ನು ದಿನಾ ಕೇಳಿ ಕೇಳಿ ಒಪ್ಪಿಕೊಂಡುಬಿಟ್ಟಿದ್ದೇನೆ.

ಭಾವ ಊರಿಗೆ ನೀರು ಬಿಡುವವರು. ನೀರು ಸರಬರಾಜು ಇಲಾಖೆಯ ಪಂಪ್‌ಹೌಸಿನಲ್ಲಿ ಆಪರೇಟರ್. ಬೀದಿಯ ಮಕ್ಕಳು ಅವರನ್ನು ವಾಲ್ವ್‌ಮಾವ ಎಂದು ಕರೆಯುತ್ತಾರೆ, ದೊಡ್ಡವರು ಅವರ ಬೆನ್ನ ಹಿಂದೆ ಮಾತ್ರ ಹಾಗೆ ಕರೆಯುತ್ತಾರೆ. ಮೋಟಾರುಗಳ ಗದ್ದಲದ ನಡುವೆ ಕೂಗಿ ಕೂಗಿ ಅವರ ಗಂಟಲು ದೊಡ್ಡದಾಗಿದೆ. ಮನೆಯಲ್ಲಿ ಮೋಟಾರು ಇಲ್ಲ, ಗಂಟಲು ಮಾತ್ರ ಹಾಗೇ ಉಳಿದಿದೆ. ಅವರು ಮಾತು ನಿಲ್ಲಿಸುವುದು ನಿದ್ದೆಯಲ್ಲಿ ಎಂದು ನೀವು ಭಾವಿಸಿದರೆ ನಮ್ಮ ಅಕ್ಕನನ್ನು ಕೇಳಿ, ನಿದ್ದೆಯಲ್ಲೂ ಯಾವುದೋ ವಾಲ್ವ್ ಮುಚ್ಚಿಸುತ್ತಿರುತ್ತಾರಂತೆ.

ಇಂಥ ಭಾವನಿಗೆ ಬಡ್ತಿಯ ಯೋಗ ಬಂತು. ಹಳೆಯ ಮುಖ್ಯ ಆಪರೇಟರ್ ನಿವೃತ್ತರಾದರು. ಆ ಕುರ್ಚಿಗೆ ಭಾವನ ಹೆಸರೇ ಮುಂದಿತ್ತು. ದೊಡ್ಡ ಮೋಟಾರುಗಳು, ಹೊಸ ಕಂಟ್ರೋಲ್ ರೂಮು, ಗೋಡೆಯ ತುಂಬ ಮೀಟರುಗಳು, ಎಲ್ಲ ಅವರ ಕೈಗೆ ಬರುವುದಿತ್ತು. ಒಂದೇ ಒಂದು ಅಡ್ಡಿ: ಇಲಾಖೆಯ ಡಿಸ್ಪೆನ್ಸರಿಯಿಂದ ಆರೋಗ್ಯ ಸರಿಯಿದೆ ಎಂಬ ಸರ್ಟಿಫಿಕೇಟು ಬೇಕು.

"ನನ್ನ ಪ್ರೆಶರ್ ನೋಡೋಕೆ ಅವರ್ಯಾರೋ? ಊರಿನ ಪ್ರೆಶರ್ ನೋಡೋನು ನಾನು!" ಎಂದು ಭಾವ ಮದುವೆಯ ಕೋಟು ಏರಿಸಿದರು. ಆ ಕೋಟಿನ ಹೊಟ್ಟೆಯನ್ನು ನಾನೇ ಎರಡು ಸಲ ಬಿಡಿಸಿಕೊಟ್ಟಿದ್ದೆ. ತೋಳು ಬಿಡಿಸಲು ಒಳಗೆ ಬಟ್ಟೆಯೇ ಉಳಿದಿರಲಿಲ್ಲ. ಒಮ್ಮೆ ಹಾಕಿಕೊಂಡರೆ ಬಿಚ್ಚಲು ಇಬ್ಬರು ಬೇಕು.

ಡಿಸ್ಪೆನ್ಸರಿಯಲ್ಲಿ ಅರ್ಧ ಇಲಾಖೆಯೇ ಸಾಲು ನಿಂತಿತ್ತು. ಭಾವ ಸಾಲಿನ ಉದ್ದಕ್ಕೂ ಎಲ್ಲರಿಗೂ ಭಾಷಣ ಮಾಡುತ್ತಾ ಬಂದರು, ಎಲ್ಲರೂ ಕೊಟ್ಟ ಟೀ ಕುಡಿದರು, ಸರದಿ ತಪ್ಪಿದರೆ ಕಷ್ಟವೆಂದು ಬಾತ್‌ರೂಮಿಗೂ ಹೋಗಲಿಲ್ಲ. ಕಾಂಪೌಂಡರ್ ಕರೆದಾಗ ಮೆಟ್ಟಿಲನ್ನು ಓಡುತ್ತಾ ಹತ್ತಿದರು. ಪಾಪ, ಕಾಂಪೌಂಡರಿಗೂ ಬೆಳಗಿನಿಂದ ಸಾಲು ನೋಡಿ ತಲೆ ಚಿಟ್ಟು ಹಿಡಿದಿತ್ತು. ಕೋಟು ಬಿಚ್ಚಿ ಎಂದರು, ಅದು ಬಿಚ್ಚಲಿಲ್ಲ, ಇರಲಿ ಎಂದು ಕೋಟಿನ ಮೇಲೆಯೇ ಪಟ್ಟಿ ಸುತ್ತಿ ಗಾಳಿ ತುಂಬಿದರು. ಗಾಳಿ ತುಂಬುವಷ್ಟು ಹೊತ್ತೂ ಭಾವ ಅವರಿಗೆ ಗಾಳಿ ತುಂಬುವುದು ಹೇಗೆಂದು ಹೇಳಿಕೊಡುತ್ತಿದ್ದರು.

"ನೂರಾ ಅರವತ್ತೆಂಟು, ನೂರಾ ಎರಡು" ಎಂದರು ಕಾಂಪೌಂಡರ್.

"ಯಾರದು?"

"ನಿಮ್ದೇ. ಮುಂದಿನ ವಾರ ಡಾಕ್ಟರಮ್ಮನೇ ನೋಡ್ತಾರೆ, ಬನ್ನಿ. ಆಗಲೂ ಹೀಗೇ ಇದ್ರೆ ಮೋಟಾರ್ ಡ್ಯೂಟಿ ಕೊಡಲ್ಲ. ದೂರಿನ ಕೌಂಟರಿಗೆ ಹಾಕ್ತಾರೆ."

ಭಾವನ ಮುಖ ಬಿಳಿಚಿತು. ದೂರಿನ ಕೌಂಟರ್ ಎಂದರೆ ಏನೆಂದು ಇಲಾಖೆಯಲ್ಲಿ ಎಲ್ಲರಿಗೂ ಗೊತ್ತು. ನೀರು ಬಾರದ ಬೀದಿಯವರೆಲ್ಲ ಖಾಲಿ ಬಕೆಟ್ ಹಿಡಿದುಕೊಂಡು ಬಂದು ಬೈಯುವ ಜಾಗ ಅದು. ಅಲ್ಲಿ ಕೂತವರು ಬಾಯಿ ಬಿಡುವಂತಿಲ್ಲ, ಕೇಳಿಸಿಕೊಳ್ಳಬೇಕು. ಭಾವನಿಗೆ ಇದಕ್ಕಿಂತ ಘೋರ ಶಿಕ್ಷೆ ಬ್ರಹ್ಮನೂ ಬರೆಯಲಾರ. ಆದರೆ ಆ ದಿನ ಅವರಿಗೆ ನಿಜವಾಗಿ ನೋವಾದದ್ದು ಬೇರೆ ಕಾರಣಕ್ಕೆ. ಮೋಟಾರುಗಳನ್ನು ಬಿಟ್ಟಿರಲು ಅವರಿಂದ ಆಗುತ್ತಿರಲಿಲ್ಲ. ಅವುಗಳ ಸದ್ದು ಕೇಳಿಯೇ ಯಾವುದಕ್ಕೆ ಎಣ್ಣೆ ಬೇಕು ಎಂದು ಹೇಳುತ್ತಿದ್ದ ಮನುಷ್ಯ ಅವರು.

ಸಂಜೆ ಬರುವಾಗ ಒಂದು ಯಂತ್ರ ಕೊಂಡು ತಂದರು. ಗುಂಡಿ ಒತ್ತಿದರೆ ತಾನೇ ಗಾಳಿ ತುಂಬಿಕೊಂಡು, ಕುಂಯ್ ಎಂದು, ಸಂಖ್ಯೆ ತೋರಿಸುವಂಥದ್ದು. ನಮ್ಮ ಊಟದ ಮೇಜು ಕಂಟ್ರೋಲ್ ರೂಮಾಯಿತು. ಅಕ್ಕ ತಟ್ಟೆ ಇಡಲು ಜಾಗ ಹುಡುಕುತ್ತಿದ್ದರೆ ಭಾವ ಅವಳಿಗೆ ಪಾಠ ಶುರು ಮಾಡಿದರು.

"ನೋಡು ಕಣೇ, ಇದರಲ್ಲಿ ಹೆದರೋಕೆ ಏನೂ ಇಲ್ಲ. ಹೃದಯ ಅನ್ನೋದು ಪಂಪು. ರಕ್ತನಾಳ ಪೈಪು. ಪಂಪು ತಳ್ಳಿದಾಗ ಬರೋದು ಮೇಲಿನ ಸಂಖ್ಯೆ. ತಳ್ಳೋದು ಬಿಟ್ಟು ಉಸ್ಸಪ್ಪಾ ಅಂದಾಗ ಪೈಪಲ್ಲಿ ಉಳಿಯೋದು ಕೆಳಗಿನ ಸಂಖ್ಯೆ. ಇಷ್ಟೇ ಸಮಾಚಾರ! ಇದಕ್ಕೆ ಡಾಕ್ಟರು ಅಷ್ಟು ವರ್ಷ ಓದ್ತಾರೆ."

"ಈಗ ಎಷ್ಟಿದೆ?"

"ನೂರಾ ಎಪ್ಪತ್ತು."

"ಅಯ್ಯೋ!"

"ಅಯ್ಯೋ ಅನ್ಬೇಡ, ಏರತ್ತೆ!" ಎಂದು ಕೂಗಿ ಭಾವ ಮತ್ತೆ ಗುಂಡಿ ಒತ್ತಿದರು. ಏರಿತ್ತು.

ಆಮೇಲೆ ಮನೆಯಲ್ಲಿ ಕುಂಯ್ ಎನ್ನುವ ಸದ್ದು ಗೋಡೆ ಗಡಿಯಾರದ ಸದ್ದಿಗಿಂತ ಹೆಚ್ಚಾಯಿತು. ಭಾವ ತಿನ್ನುವ ಮುಂಚೆ ನೋಡಿದರು, ತಿಂದ ಮೇಲೆ ನೋಡಿದರು, ನೋಡಿದ್ದಕ್ಕೆ ಗಾಬರಿಯಾಗಿ ಇನ್ನೊಮ್ಮೆ ನೋಡಿದರು. ಅಕ್ಕ ಅಡಿಗೆಗೆ ಉಪ್ಪು ಹಾಕುವುದನ್ನೇ ಬಿಟ್ಟಳು. ಅದರ ಶಿಕ್ಷೆ ನನಗೂ ಆಯಿತು. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರು ಬಂದು, ತಾವು ಎಷ್ಟೋ ವರ್ಷದಿಂದ ಪ್ರೆಶರಿನ ಮಾತ್ರೆ ನುಂಗುತ್ತಿರುವ ಅನುಭವದಿಂದ ಧೈರ್ಯ ಹೇಳಿದರು.

"ಹೆದರಬೇಡಿ. ನಮ್ಮ ಕಕ್ಕನಿಗೂ ಹೀಗೇ ಆಗಿತ್ತು."

"ಈಗ ಹೇಗಿದ್ದಾರೆ?"

ಹೆಡ್‌ಮಾಸ್ತರು ಕೆಮ್ಮಿದರು. ಮಾತು ಬದಲಾಯಿಸಲು ಯತ್ನಿಸಿದರು. ಯಂತ್ರ ಕುಂಯ್ ಎಂದಿತು. ಆ ಸಂಖ್ಯೆಯನ್ನು ನಾನು ಇಲ್ಲಿ ಬರೆಯುವುದಿಲ್ಲ, ಓದುವವರಿಗೂ ಪ್ರೆಶರ್ ಇರಬಹುದು.

ಹೀಗಿರುವಾಗ ಒಂದು ಮಧ್ಯಾಹ್ನ ಅಕ್ಕ ಅಡಿಗೆಮನೆಯಿಂದ, "ರೀ, ಮೇಲಿನ ಹಲಗೆಯಿಂದ ಸಕ್ಕರೆ ಡಬ್ಬ ತೆಕ್ಕೊಡಿ" ಎಂದು ಕೂಗಿದಳು. ಭಾವ ತೋಳಿನ ಪಟ್ಟಿಯನ್ನೂ ಯಂತ್ರವನ್ನೂ ಹೊತ್ತುಕೊಂಡೇ ಹೋದರು. ಯಂತ್ರ ಆಗಷ್ಟೇ ಗಾಳಿ ತುಂಬಿಕೊಳ್ಳುತ್ತಿತ್ತು. ಡಬ್ಬ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಭಾವ ಕೈ ಮೇಲಕ್ಕೆತ್ತಿ ಅದನ್ನು ಎಳೆಯುತ್ತಾ ನಿಂತಿದ್ದಾಗಲೇ ಕುಂಯ್ ಎಂದಿತು. ಇನ್ನೊಂದು ಕೈಯಲ್ಲಿದ್ದ ಯಂತ್ರ ನೋಡಿದರು. ನೂರಾ ಇಪ್ಪತ್ತೊಂದು!

ಸಕ್ಕರೆ ಡಬ್ಬ ಅಲ್ಲೇ ಉಳಿಯಿತು. ಭಾವ ಕೈ ಇಳಿಸಿ ನೋಡಿದರು: ನೂರಾ ಐವತ್ತೆಂಟು. ಎತ್ತಿ ನೋಡಿದರು: ನೂರಾ ಇಪ್ಪತ್ಮೂರು. ನಾನು ಮೇಲಿನಿಂದ ಓಡಿ ಬರುವಷ್ಟು ಜೋರಾಗಿ ಕೂಗಿಕೊಂಡರು.

"ಸಿಕ್ತು ಕಣೋ! ಮೂರನೇ ಮಹಡಿ!"

"ಯಾವ ಮನೇದು ಭಾವ?"

"ಮನೇದಲ್ಲ, ಮೈದು! ಕೆಳಗಿನ ನಲ್ಲೀಲಿ ನೀರು ರಭಸ ಬರತ್ತೆ, ಮೂರನೇ ಮಹಡೀಲಿ ಸಣ್ಣಗೆ ಬರತ್ತೆ. ಯಾಕೆ? ಎತ್ತರ! ಕೈನ ಮೂರನೇ ಮಹಡಿಗೆ ಕಳಿಸಿದ್ರೆ ಪ್ರೆಶರ್ ಇಳೀತು. ಮಾತ್ರೆ ಬೇಡ, ಉಪ್ಪು ಬಿಡೋದು ಬೇಡ, ಏನೂ ಬೇಡ!"

ಉಪ್ಪು ಬಿಡುವುದು ಬೇಡ ಎಂದ ಕೂಡಲೇ ನನಗೂ ಈ ಸಿದ್ಧಾಂತ ಸರಿ ಎನಿಸಿತು. ಹಸಿದವನ ವಿಜ್ಞಾನ ಅಷ್ಟೇ.

ಅಂದಿನಿಂದ ಭಾವ ಕೈ ಎತ್ತಿಕೊಂಡೇ ಇರುವ ಅಭ್ಯಾಸಕ್ಕೆ ಇಳಿದರು. ಪರೀಕ್ಷೆಯ ದಿನ ಸಹಜವಾಗಿ ಕಾಣಬೇಕಲ್ಲ! ಬಾಗಿಲ ಚೌಕಟ್ಟಿನ ಮೇಲೆ ಕೈ ಇಟ್ಟು ಮಾತಾಡಿದರು, ಕಪಾಟಿನ ತಲೆಯ ಮೇಲೆ ಮೊಣಕೈ ಊರಿ ಪೇಪರ್ ಓದಿದರು. ರಸ್ತೆಯಲ್ಲಿ ಕೈ ಎತ್ತಿ ನಡೆಯುತ್ತಿದ್ದುದನ್ನು ಕಂಡು ಆಟೋಗಳು ಬಂದು ನಿಂತವು. ಒಬ್ಬ ಚಾಲಕ ಹತ್ತಿಸಿಕೊಳ್ಳದೆ ಬಿಡುವುದೇ ಇಲ್ಲವೆಂದು ಜಗಳಕ್ಕೆ ನಿಂತ. ನನಗೂ ಕೆಲಸ ಬಂತು. ಕೈ ಎತ್ತಿದರೆ ಕಂಕುಳಲ್ಲಿ ಎಳೆಯದಂಥ ಅಂಗಿ ಹೊಲಿದುಕೊಡು ಎಂದರು. ಕಂಕುಳಿಗೆ ಹೆಚ್ಚಿನ ತುಂಡು ಸೇರಿಸಿ ಹೊಲಿದೆ. ಆ ಅಂಗಿಯಲ್ಲಿ ಕೈ ಇಳಿಸಿದರೆ ಅವರಿಗೆ ರೆಕ್ಕೆ ಇರುವಂತೆ ಕಾಣುತ್ತಿತ್ತು.

ಅಕ್ಕನಿಗೆ ಮಾತ್ರ ಸಮಾಧಾನವಿರಲಿಲ್ಲ.

"ಕೈಲಿ ಇಳಿದ್ರೆ ಎದೇಲೂ ಇಳಿದ ಹಾಗಾ?" ಎಂದಳು ನನ್ನ ಹತ್ತಿರ ಬಂದು. "ನಂಗೇನೋ ಭಯ ಕಣೋ. ಕೆಲಸ ಹೋದ್ರೆ ಹೋಗ್ಲಿ. ಇವರಿಗೆ ಏನಾದ್ರೂ ಆದ್ರೆ?"

ನಾನು ಅದನ್ನೇ ಭಾವನಿಗೆ ಹೇಳಿದೆ. ಭಾವ ಕೇಳಲಿಲ್ಲ. ಕೇಳುವ ಭಾಗವನ್ನು ಅವರಿಗೆ ದೇವರು ಕೊಟ್ಟಿದ್ದರೂ ಬಳಕೆಯಾಗದೆ ಹೊಸದಾಗಿಯೇ ಉಳಿದಿದೆ. ಬದಲಿಗೆ ಬೀದಿಗೆಲ್ಲ ಈ ವಿದ್ಯೆ ಹಂಚಿದರು. ಹೆಡ್‌ಮಾಸ್ತರೂ ಕೈ ಎತ್ತಿ ನೋಡಿಸಿಕೊಂಡರು. ಯಂತ್ರ ಅವರಿಗೆ ಹದಿಹರೆಯದವರ ಸಂಖ್ಯೆ ಕೊಟ್ಟಿತು. ಹೆಡ್‌ಮಾಸ್ತರು ನಗುತ್ತಾ ಮನೆಗೆ ಹೋದರು. ಹೋಗಿ ಏನು ಮಾಡಿದರೆಂದು ಯಾರೂ ವಿಚಾರಿಸಲಿಲ್ಲ.

ಪರೀಕ್ಷೆಯ ದಿನ ಭಾವ, ಅಕ್ಕ, ನಾನು ಮೂವರೂ ಡಿಸ್ಪೆನ್ಸರಿಗೆ ಹೋದೆವು. ಬಡ್ತಿಯ ಆದೇಶ ಹಿಡಿದುಕೊಂಡು ಎಂಜಿನಿಯರ್ ಸಾಹೇಬರೂ ಬಂದಿದ್ದರು. ದೊಡ್ಡ ಮೋಟಾರನ್ನು ಅಂದು ಸಂಜೆಯೇ ಯಾರಿಗಾದರೂ ಒಪ್ಪಿಸಬೇಕಿತ್ತು. ಡಾಕ್ಟರಮ್ಮ ಒಳಗೆ ಇನ್ನೊಬ್ಬರನ್ನು ನೋಡುತ್ತಿದ್ದರು. "ಅಷ್ಟರಲ್ಲಿ ನಾನೊಂದು ಸಲ ನೋಡಿರ್ತೀನಿ" ಎಂದು ಕಾಂಪೌಂಡರ್ ಪಟ್ಟಿ ಸುತ್ತಿದರು. ಭಾವ ಏನೂ ಅರಿಯದವರಂತೆ ಪಕ್ಕದ ಔಷಧಿ ಬೀರುವಿನ ತಲೆಯ ಮೇಲೆ ಕೈ ಚಾಚಿ ಒರಗಿ ನಿಂತರು, ಕಾಲು ನೋವು ಎಂದರು. ಕಾಂಪೌಂಡರ್ ಬೀರುವಿನ ಮಟ್ಟಕ್ಕೆ ಸ್ಟೂಲ್ ಹತ್ತಿ ಗಾಳಿ ತುಂಬಿದರು. ಸ್ಟೆತಸ್ಕೋಪ್ ಕಿವಿಗಿಟ್ಟು ಕೇಳಿದರು.

"ಭೇಷ್! ನೂರಾ ಇಪ್ಪತ್ನಾಲ್ಕು, ಎಪ್ಪತ್ತಾರು!"

"ಕಂಗ್ರಾಜುಲೇಷನ್ಸ್!" ಎಂದು ಸಾಹೇಬರು ಪೆನ್ನು ತೆಗೆದರು. ಅಕ್ಕ ಕಣ್ಣು ಮುಚ್ಚಿ ಕೈ ಮುಗಿದಳು. ಭಾವ ನನ್ನತ್ತ ಹುಬ್ಬು ಹಾರಿಸಿದರು. ಎಲ್ಲ ಮುಗಿದೇ ಹೋಗಿತ್ತು.

ಆಗ ಬಾಗಿಲಲ್ಲಿ ಹೆಡ್‌ಮಾಸ್ತರು ಕಾಣಿಸಿಕೊಂಡರು. ಅವರ ಮಗಳು ಅವರನ್ನು ಹಿಡಿದುಕೊಂಡು ಬಂದಿದ್ದಳು. ಮುಖ ಕೆಂಪಾಗಿತ್ತು, ಎರಡು ಕೈಯಲ್ಲೂ ತಲೆ ಒತ್ತಿಕೊಂಡಿದ್ದರು.

"ತಲೆ ಸಿಡೀತಿದೆ" ಎಂದರು, ಬೀರುವಿನ ಪಕ್ಕ ನಿಂತಿದ್ದ ಭಾವನನ್ನು ಕಾಣದೆ. "ಕಣ್ಣು ಮಂಜು. ಆದ್ರೆ ಪ್ರೆಶರ್ ಅಲ್ಲ ಬಿಡಿ. ನಮ್ಮ ವಾಲ್ವ್‌ಮಾವ ಗುಣ ಮಾಡಿದ್ದಾರೆ. ಮಾತ್ರೆ ನಿಲ್ಲಿಸಿಬಿಟ್ಟಿದ್ದೀನಿ."

ಕೋಣೆಯೊಳಗಿನಿಂದ ಡಾಕ್ಟರಮ್ಮ ಎದ್ದೇ ಬಂದರು. ಚಿಕ್ಕ ವಯಸ್ಸಿನ, ಮಾತು ಕಡಿಮೆಯ ಹೆಂಗಸು. ಹೆಡ್‌ಮಾಸ್ತರನ್ನು ಕೂರಿಸಿ, ಕೈಯನ್ನು ಮೇಜಿನ ಮೇಲಿರಿಸಿ ನೋಡಿದರು. ಕೂಡಲೇ ಪಕ್ಕದ ಕೋಣೆಯ ಮಂಚಕ್ಕೆ ಕಳಿಸಿದರು, ಮದ್ದು ಕೊಡಲು ಶುರು ಮಾಡಿದರು. ನಮಗೆ ಅದೇ ಉತ್ತರವಾಯಿತು.

ಭಾವನ ಕೈ ಇನ್ನೂ ಬೀರುವಿನ ಮೇಲೇ ಇತ್ತು. ಮೆಲ್ಲಗೆ ಇಳಿಯಿತು. ನಮ್ಮ ಭಾವ ಜಂಬದ ಮನುಷ್ಯ, ಬಾಯಿಬಡುಕ, ತಿಳಿಯದ್ದನ್ನು ತಿಳಿದವರಂತೆ ಹೇಳುವವರು, ಎಲ್ಲ ಸರಿ. ಆದರೆ ಕೆಟ್ಟವರಲ್ಲ.

"ಸಾಹೇಬ್ರೇ, ಸಹಿ ಮಾಡ್ಬೇಡಿ" ಎಂದರು.

"ಯಾಕ್ರೀ?"

"ಮೀಟರಿಗೆ ಮೋಸ ಮಾಡಿದ್ದೀನಿ. ಪಂಪು ಕೆಳಗಿದೆ, ಮೀಟರ್ ಮೂರನೇ ಮಹಡೀಲಿ ಹಾಕಿ ತೋರಿಸಿದೀನಿ. ನನ್ನ ಪಂಪ್‌ಹೌಸಲ್ಲಿ ಯಾರಾದ್ರೂ ಹೀಗೆ ಮಾಡಿದ್ರೆ ಕುತ್ತಿಗೆ ಹಿಡಿದು ಆಚೆ ತಳ್ತಿದ್ದೆ. ಮೇಷ್ಟ್ರಿಗೂ ಇದನ್ನೇ ಹೇಳಿಕೊಟ್ಟೆ. ಅವರಿಗೆ ಹೀಗಾಗಿದ್ದು ನನ್ನಿಂದ."

ಸಾಹೇಬರ ಪೆನ್ನು ಅರ್ಧಕ್ಕೇ ನಿಂತಿತು. ಕಾಂಪೌಂಡರ್ ಸ್ಟೂಲಿನಿಂದ ಇಳಿದು, ತಾನು ಅದನ್ನು ಹತ್ತಿದ್ದೇ ಇಲ್ಲವೆನ್ನುವಂತೆ ಕಾಲಲ್ಲಿ ಮೂಲೆಗೆ ತಳ್ಳಿದರು.

ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತಾ ಬಂದರು. "ಮೇಷ್ಟ್ರಿಗೆ ಪರವಾಗಿಲ್ಲ, ಇಳೀತಾ ಇದೆ. ಮಾತ್ರೆ ತಗೊಂಡು ಸರಿ ಇತ್ತು ಅಂದ್ರೆ ಮಾತ್ರೆ ಬೇಡ ಅಂತ ಅಲ್ಲ, ಮಾತ್ರೆ ಕೆಲಸ ಮಾಡ್ತಿದೆ ಅಂತ." ಭಾವನ ಕಡೆ ತಿರುಗಿದರು. "ನಿಮ್ಮ ಲೆಕ್ಕ ಸುಳ್ಳಲ್ಲ. ಕೈ ಎತ್ತಿದ್ರೆ ಕೈಲಿ ಒತ್ತಡ ಕಮ್ಮಿ ಆಗೋದು ನಿಜವೇ. ಎದೆ ಮಟ್ಟದಲ್ಲಿ ಇಟ್ಟು ನೋಡಿದ್ರೆ ಮಾತ್ರ ಎದೇದು ಗೊತ್ತಾಗತ್ತೆ. ಮೊದಲ ಸಲ ಹೇಗೆ ನೋಡಿದ್ರು?"

ಭಾವ ಹೇಳಿದರು. ಕೋಟು, ಟೀ, ಮೆಟ್ಟಿಲು, ಬಾತ್‌ರೂಮು, ಭಾಷಣ, ಮನೆಯ ಯಂತ್ರದ ಕುಂಯ್, ಒಂದನ್ನೂ ಬಿಡಲಿಲ್ಲ. ಡಾಕ್ಟರಮ್ಮನ ತುಟಿ ಬಿಗಿಯಿತು, ಅದು ನಗು ತಡೆಯುವ ಬಿಗಿತ.

"ಆ ಸಂಖ್ಯೇನೂ ಲೆಕ್ಕಕ್ಕಿಲ್ಲ, ಮನೇಲಿ ಕೂಗ್ತಾ ಗಾಬರೀಲಿ ನೋಡ್ಕೊಂಡಿದ್ದೂ ಇಲ್ಲ. ನಡೀರಿ, ಮೊದಲು ಬಾತ್‌ರೂಮಿಗೆ ಹೋಗಿ ಬನ್ನಿ."

"ಅದರಿಂದಲೂ ಏರತ್ತಾ ಮೇಡಂ?"

"ಟ್ಯಾಂಕ್ ತುಂಬಿದ್ರೆ ಏರತ್ತೆ. ಎಲ್ಲದಕ್ಕೂ ಮೈ ತಾನೇ ಸರಿ ಮಾಡ್ಕೊಳ್ತಿರತ್ತೆ. ನೀವು ಎದ್ದು ನಿಂತ್ರೆ ರಕ್ತ ಕಾಲಿಗೆ ಇಳಿಯತ್ತೆ. ಕುತ್ತಿಗೆಯ ರಕ್ತನಾಳದಲ್ಲಿ, ಎದೆ ಹತ್ರ, ಒತ್ತಡ ನೋಡೋ ನರಗಳಿವೆ. ಅವು ಕೂಡಲೇ ಮಿದುಳಿಗೆ ಹೇಳ್ತವೆ. ಮಿದುಳು ಹೃದಯಕ್ಕೆ ಬೇಗ ಹೊಡಿ ಅನ್ನತ್ತೆ, ನಾಳಗಳನ್ನ ಬಿಗಿ ಮಾಡತ್ತೆ. ಒತ್ತಡ ಜಾಸ್ತಿ ಆದ್ರೆ ಇದರ ಉಲ್ಟಾ. ದಿನಗಟ್ಟಲೆ ನೀರು, ಉಪ್ಪು ಎಷ್ಟಿರಬೇಕು ಅನ್ನೋದನ್ನ ಮೂತ್ರಪಿಂಡ ನೋಡ್ಕೊಳ್ಳತ್ತೆ."

ಭಾವನ ಕಣ್ಣು ಅರಳಿತು. "ಅಂದ್ರೆ ಒಳಗೂ ಒಬ್ಬ ಆಪರೇಟರ್ ಇದ್ದಾನೆ!"

"ಇದ್ದಾನೆ. ಆದ್ರೆ ನಿಮ್ಮಷ್ಟು ಮಾತಾಡಲ್ಲ. ಈಗ ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೆ ಊರಿ, ಐದು ನಿಮಿಷ ಸುಮ್ನೆ ಕೂತಿರ್ಬೇಕು. ಒಂದಕ್ಷರ ಆಡಬಾರದು. ಆಮೇಲೆ ನೋಡ್ತೀನಿ. ಉಳಿದವರೆಲ್ಲ ಆಚೆ."

ಐದು ನಿಮಿಷ! ಬಾತ್‌ರೂಮಿಗೆ ಹೋಗಿ ಬಂದ ಭಾವ ನಮ್ಮೆಲ್ಲರ ಮುಖವನ್ನು ಒಮ್ಮೆ ನೋಡಿದರು. ದೊಡ್ಡ ಆಪರೇಷನ್ನಿಗೆ ಹೋಗುವವರು ನೋಡುವ ನೋಟ ಅದು. ಬಾಗಿಲು ಮುಚ್ಚಿತು.

ನಾವು ಆಚೆ ಬೆಂಚಿನ ಮೇಲೆ ಕೂತೆವು. ಮೊದಲಿಗೆ ಯಾರಿಗೂ ಏನೂ ಅನ್ನಿಸಲಿಲ್ಲ. ಆಮೇಲೆ ಸಾಹೇಬರು ಕತ್ತೆತ್ತಿ ಬಾಗಿಲು ನೋಡಿದರು. ನಾನೂ ನೋಡಿದೆ. ಒಳಗಿನಿಂದ ಸದ್ದೇ ಇಲ್ಲ. ಕೆಮ್ಮಿಲ್ಲ, "ಮೇಡಂ ಒಂದು ನಿಮಿಷ" ಇಲ್ಲ, ಏನೂ ಇಲ್ಲ. ಮಂಚದ ಮೇಲಿದ್ದ ಹೆಡ್‌ಮಾಸ್ತರು ಪಕ್ಕದ ಕೋಣೆಯಿಂದ, "ಯಾಕೆ, ವಾಲ್ವ್‌ಮಾವ ಹೊರಟುಹೋದ್ರಾ?" ಎಂದು ಕೇಳಿದರು. ಅವರು ಕೇಳಿದ್ದು ಮನೆಗೆ ಹೊರಟರಾ ಎಂದು. ಅಕ್ಕನಿಗೆ ಹಾಗೆ ಕೇಳಿಸಲಿಲ್ಲ.

"ಇವರು ಇಷ್ಟು ಹೊತ್ತು ಸುಮ್ನಿರೋ ಜಾತಿಯಲ್ಲ ಕಣೋ" ಎಂದಳು. "ಏನೋ ಆಗಿದೆ."

"ಡಾಕ್ಟರಮ್ಮನೇ ಹೇಳಿದ್ದಲ್ವಾ ಅಕ್ಕಾ, ಸುಮ್ನಿರಿ ಅಂತ?"

"ಹೇಳಿದ್ರೆ? ನಾನು ಮದುವೆ ಆದಾಗಿಂದ ಹೇಳ್ತಿದ್ದೀನಿ, ಸುಮ್ನಾಗಿದ್ದಾರಾ?"

"ನಾನು ಪಂಪ್‌ಹೌಸಿನ ಆ ತುದೀಲಿ ನಿಂತ್ರೂ ಇವರ ದನಿ ಕೇಳತ್ತೆ" ಎಂದು ಸಾಹೇಬರು ಗಾಬರಿಯಾಗಿ ಎದ್ದರು. ಅವರು ಎದ್ದದ್ದು ಕಂಡು ಕಾಂಪೌಂಡರ್ ಎದ್ದರು. ಕಾಂಪೌಂಡರ್ ಎದ್ದದ್ದು ಕಂಡು ಅಕ್ಕ ತಡೆಯಲಾರದೆ ಬಾಗಿಲು ತಳ್ಳಿಯೇ ಬಿಟ್ಟಳು. ನಾವೆಲ್ಲ ಒಬ್ಬರ ಮೇಲೊಬ್ಬರು ಒಳಗೆ ಬಿದ್ದೆವು.

ಭಾವ ಕುರ್ಚಿಯಲ್ಲಿ ಕೂತಿದ್ದರು. ಕೈ ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಅಂಗಿಯ ತೋಳು ಮೇಲಕ್ಕೆ ಸರಿದಿತ್ತು. ಮುಖದಲ್ಲಿ ನಾನೆಂದೂ ಕಾಣದ ಶಾಂತಿ ಇತ್ತು. ಡಾಕ್ಟರಮ್ಮ ತುಟಿಯ ಮೇಲೆ ಬೆರಳಿಟ್ಟು ನಮ್ಮನ್ನು ಇದ್ದಲ್ಲೇ ನಿಲ್ಲಿಸಿದರು. ಪಟ್ಟಿಯ ಗಾಳಿ ಸುಯ್ ಎಂದು ಇಳಿಯಿತು.

"ನೂರಾ ಮೂವತ್ತು, ಎಂಬತ್ತು" ಎಂದು ಮೆಲ್ಲಗೆ ಹೇಳಿದರು. "ಇನ್ನೊಂದು ಸಲ ನೋಡ್ಬೇಕು. ಯಾರೂ ಅಲ್ಲಾಡಬೇಡಿ."

ಅಕ್ಕ ಮಾತ್ರ ಅಲ್ಲಾಡಿದಳು. ಹೋಗಿ ಭಾವನ ಭುಜದ ಮೇಲೆ ಕೈ ಇಟ್ಟು ನಿಂತಳು. ಡಾಕ್ಟರಮ್ಮ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗಾಳಿ ತುಂಬಿದರು, ಕೇಳಿದರು, ಇಳಿಸಿದರು.

"ನೂರಾ ಇಪ್ಪತ್ನಾಲ್ಕು, ಎಪ್ಪತ್ತೆಂಟು. ಮೋಟಾರ್ ಕೊಡಬಹುದು ಸಾಹೇಬ್ರೇ."

ಸಾಹೇಬರು ಅಲ್ಲೇ ಗೋಡೆಗೆ ಕಾಗದವಿಟ್ಟು ಸಹಿ ಗೀಚಿದರು. ಭಾವನ ಕಣ್ಣಲ್ಲಿ ನೀರು ತುಂಬಿತು. ಆದರೂ ಬಾಯಿ ಬಿಡದೆ ಡಾಕ್ಟರಮ್ಮನತ್ತ ನೋಡಿದರು.

"ಈಗ ಮಾತಾಡಬಹುದು" ಎಂದರು ಡಾಕ್ಟರಮ್ಮ.

ಭಾವ ಬಾಯಿ ತೆರೆದರು. ಅಕ್ಕ ಕೈ ಅಡ್ಡ ಹಿಡಿದಳು.

"ಮೊದಲು ನಾನು" ಎಂದಳು. "ನಿಮ್ಮ ದನಿ ಕೇಳದೆ ಆಚೆ ನನ್ನ ಜೀವ ಬಾಯಿಗೆ ಬಂದಿತ್ತು, ಗೊತ್ತೇನ್ರೀ ನಿಮಗೆ? ವಾರದಿಂದ ನಾನೊಂದು ತುತ್ತು ನೆಮ್ಮದಿಯಾಗಿ ಉಂಡಿಲ್ಲ, ಗೊತ್ತೇನ್ರೀ?" ಎಂದು ಶುರು ಮಾಡಿದವಳು ಮೆಟ್ಟಿಲು ಇಳಿಯುವಾಗಲೂ ನಿಲ್ಲಿಸಲಿಲ್ಲ, ರಸ್ತೆ ದಾಟುವಾಗಲೂ ನಿಲ್ಲಿಸಲಿಲ್ಲ. ಹೆದರಿದ್ದು, ಹರಕೆಯಂತೆ ಉಪ್ಪು ಬಿಟ್ಟದ್ದು, ಎಷ್ಟೋ ವರ್ಷಗಳಿಂದ ಹೇಳಬೇಕೆಂದು ಇಟ್ಟುಕೊಂಡಿದ್ದು, ಎಲ್ಲ ಹೇಳಿದಳು. ಭಾವ ಅವಳ ಪಕ್ಕದಲ್ಲೇ ಹೆಜ್ಜೆ ಹಾಕುತ್ತಾ, ಮನೆ ಬಾಗಿಲವರೆಗೂ, ಒಂದು ಮಾತೂ ಆಡದೆ ಪೂರ್ತಿ ಕೇಳಿಸಿಕೊಂಡರು. ಅವರ ಸಂಸಾರದಲ್ಲಿ ಅದು ಮೊದಲ ಸಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.